ಪೀರಸಾಬರ ಪಕ್ಕೆಲುಬು, ಹಜರಾಬಿಯ ಚಿಕ್ಕಿ

"ಊರ ಮಂದಿ ಎಲ್ಲಾ ನನ್ನ ಪಕ್ಕೆಲುಬು ಹೊತ್ಕೊಂಡು ಮಲಗ್ತಾರ ನೋಡ್ರಿ," ಎನ್ನುತ್ತಾರೆ ಪೀರಸಾಬ, ಸೂಜಿಗೆ ದಾರ ಪೋಣಿಸುತ್ತಲೇ. "ನನಗ ಮಾತ್ರ ಹರಕು ಚಾದರ."

"ಅದು ನಿಮ್ಮ ಗೊರಕಿ ಸದ್ದಿಗೆ ಹರದದ," ಎಂದು ಅವರ ಹೆಂಡತಿ ಹಜರಾಬಿ ತಲೆಯೆತ್ತದೆ ಹೇಳುತ್ತಾರೆ.

ಅಫಜಲಪುರ ತಾಲೂಕಿನ ಗೊಬ್ಬೂರಿನಲ್ಲಿ ಇನ್ನೂ ಪೂರ್ತಿ ಬೆಳಗಾಗಿಲ್ಲ. ಬಾಗಿಲ ಬಳಿ ಬೀಳುವ ಮೊದಲ ಬೆಳಕಿಗೆ ಚಾಪೆ ಎಳೆದುಕೊಂಡು ಕೂತಿದ್ದಾರೆ ಇಬ್ಬರೂ. ದಿನಕ್ಕೆ ಇಪ್ಪತ್ತು ಸೂಜಿ ಪೋಣಿಸಿಡುವುದು ಗಂಡನ ಪಾಲಿನ ಕೆಲಸ. ಐವತ್ತೆಂಟರ ಹಜರಾಬಿಯ ಕಣ್ಣಿಗೆ ಹೊಲಿಗೆ ಕಾಣುತ್ತದೆ, ಸೂಜಿಯ ಕಣ್ಣು ಕಾಣುವುದಿಲ್ಲ. ಅವರ ಕೈಯಲ್ಲಿರುವುದು ಕಪ್ಪಗಿನ ಒಂದು ಪುಟ್ಟ ಹಾಳೆ. ಬೆಳಕಿಗೆ ಹಿಡಿದರೆ ಎರಡು ಎಲುಬು ಅಡ್ಡ ಹಾಯ್ದಿರುವುದು ಕಾಣುತ್ತದೆ. ಪೀರಸಾಬ ಹೇಳಿದ ಪಕ್ಕೆಲುಬು ಅದೇ.

ಹಜರಾಬಿ ಮೂವತ್ತು ವರ್ಷದಿಂದ ಕೌದಿ ಹೊಲಿಯುತ್ತಾರೆ. ಚೌಕ ಚೌಕ ತುಂಡು ಜೋಡಿಸುವ ಕೌದಿಯನ್ನು ತಾಯಿ ಕಲಿಸಿದರು. ಎಂಟು ಮೂಲೆಯ ನಕ್ಷತ್ರವನ್ನು, ಅವರ ಮಾತಲ್ಲಿ ಚಿಕ್ಕಿಯನ್ನು, ಯಾರೂ ಕಲಿಸಲಿಲ್ಲ. ಒಂದು ಮಸೀದಿಯ ಕಿಟಕಿಯಲ್ಲಿ ನೋಡಿ ಬಂದು ತಾವೇ ಹೊಲಿದರು. ಒಂದು ಚಿಕ್ಕಿಗೆ ಎಂಟು ತುಂಡು. ಆಕಾರ ಕರಿದ ತಿಂಡಿ ಶಂಕರಪಾಳಿಯದು, ಅವರು ಕರೆಯುವುದೂ ಹಾಗೆಯೇ. ದೊಡ್ಡ ಕೌದಿಗೆ ಹನ್ನೆರಡು ಚಿಕ್ಕಿ, ಅಂದರೆ ತೊಂಬತ್ತಾರು ಶಂಕರಪಾಳಿ, ಒಂದು ತಿಂಗಳ ಕೆಲಸ. ಎಂಟೂ ಚೂಪು ನಡುವೆ ಒಂದೇ ಬಿಂದುವಿನಲ್ಲಿ ಕೂಡಬೇಕು, ಕಷ್ಟವಿರುವುದು ಅಲ್ಲಿ.

"ಒಂದು ಶಂಕರಪಾಳಿಗೆ ಒಂದು ಎಳಿ ತಪ್ಪಿದ್ರ ಎಂಟಕ್ಕ ಎಂಟು ಎಳಿ ಆತ್ರಿ. ನಡುವ ಬುಗುಟಿ ಏಳ್ತದ."

ಆ ಬುಗುಟಿ ಒಮ್ಮೆ ಎದ್ದಿತ್ತು. ಜೇವರ್ಗಿಯ ಖಾದರಸಾಬರು ತೀರಿಕೊಂಡ ತಾಯಿಯ ಓಢಣಿಗಳನ್ನು ಕೌದಿಗೆಂದು ತಂದುಕೊಟ್ಟಿದ್ದರು. ಮದುವೆಯ ಕಾರ್ಡನ್ನು ಅಳತೆಗೆ ಕತ್ತರಿಸಿಕೊಂಡು ಹಜರಾಬಿ ಗೆರೆ ಎಳೆದರು. ಪೆನ್ಸಿಲ್ ಆಡಿ ಆಡಿ ಕಾರ್ಡಿನ ಚೂಪು ಸವೆಯುತ್ತ ಹೋದದ್ದು ಗೊತ್ತೇ ಆಗಲಿಲ್ಲ. ಕೊನೆಯ ಚಿಕ್ಕಿಗಳು ಕುಗ್ಗಿ ಟೊಪ್ಪಿಗೆಯಂತೆ ಉಬ್ಬಿ ನಿಂತವು. ಬಿಚ್ಚಿ ಹೊಲಿಯಲು ಬಟ್ಟೆ ಉಳಿದಿರಲಿಲ್ಲ. ಖಾದರಸಾಬರು ಬೈಯಲಿಲ್ಲ. ಮಡಚಿ ಬಗಲಿಗಿಟ್ಟುಕೊಂಡು ಹೋದರು. ಬೈದಿದ್ದರೆ ಚೆನ್ನಾಗಿತ್ತು ಎಂದು ಹಜರಾಬಿಗೆ ಈಗಲೂ ಅನಿಸುತ್ತದೆ. ಎರಡು ವರ್ಷ ಚಿಕ್ಕಿಯ ತಂಟೆಗೇ ಹೋಗಲಿಲ್ಲ.

ಅಷ್ಟರಲ್ಲಿ, ಆಳಂದದಲ್ಲಿ ಹಮಾಲಿ ಮಾಡುತ್ತಿದ್ದ ಪೀರಸಾಬ ತೊಗರಿ ಚೀಲದ ಸಮೇತ ಲಾರಿಯಿಂದ ಬಿದ್ದರು. ಎರಡು ಪಕ್ಕೆಲುಬು ಮುರಿದವು, ಮನೆಗೆ ಎಕ್ಸರೇ ಬಂತು. ಗಂಡ ಗುಣವಾಗುವಷ್ಟರಲ್ಲಿ ಹೆಂಡತಿಯ ಕಣ್ಣು ಆ ಹಾಳೆಯ ಮೇಲೆ ಬಿದ್ದಿತ್ತು. ಶಂಕರಪಾಳಿಯ ಅಳತೆಗೆ ಕತ್ತರಿಸಿಕೊಂಡರೆ ಪೆನ್ಸಿಲಿಗೆ ಸವೆಯದು, ನೀರಿಗೆ ಹೆದರದು. ಕಾಯಿಸಿದ ಸೂಜಿಯಿಂದ ಮೂಲೆಗೊಂದು ತೂತು ಮಾಡಿದರೆ ಹೊಲಿಗೆ ಎಲ್ಲಿ ನಿಲ್ಲಬೇಕೆಂಬ ಚುಕ್ಕೆಯೂ ಬಟ್ಟೆಗೆ ಇಳಿಯುತ್ತದೆ. ಮುಂದಿನ ಸಲ ತೋರಿಸಲು ಹೋದಾಗ ಡಾಕ್ಟರು ಹಳೆಯ ಎಕ್ಸರೇ ಕೇಳಿದರು. ಹಜರಾಬಿ ಚೀಲದಿಂದ ಎರಡು ಶಂಕರಪಾಳಿ ತೆಗೆದು ಮೇಜಿನ ಮೇಲಿಟ್ಟರು. ಡಾಕ್ಟರು ನಕ್ಕು ಹೊಸದನ್ನು ತೆಗೆಸಿದರು. ನೋಡಿದ ಮೇಲೆ ಅದೂ ತಮಗೆ ಬೇಕೆಂದು ಹಜರಾಬಿ ಹೇಳಿಯೇ ಬಂದರು.

ಉಳಿದ ಸಾಮಾನೂ ಮನೆಯದೇ. ಎರಡು ಮೋಟು ಪೆನ್ಸಿಲ್ ಕೂಡಿಸಿ ಕಟ್ಟಿದ್ದಾರೆ. ಒಂದು ಹೊಲಿಯುವ ಗೆರೆ, ಇನ್ನೊಂದು ಕತ್ತರಿಸುವ ಗೆರೆ, ಎರಡೂ ಒಟ್ಟಿಗೇ ಬೀಳುತ್ತವೆ. ಬಡಗಿ ನಯೀಮ ಕೊಟ್ಟ ಉಸುಕಿನ ಕಾಗದವನ್ನು ಶಾಲೆಯ ಹಳೆಯ ಪಾಟಿಗೆ, ಅಂದರೆ ಸ್ಲೇಟಿಗೆ, ಅಂಟಿಸಿದ್ದಾರೆ, ಬಟ್ಟೆ ಜಾರದಿರಲೆಂದು. ಒಡೆದ ಕನ್ನಡಿಯ ಎರಡು ತುಂಡನ್ನು ಬೆನ್ನಿಗೆ ಪಟ್ಟಿ ಹಚ್ಚಿ ಪುಸ್ತಕದ ಹಾಗೆ ತೆರೆಯುವಂತೆ ಮಾಡಿದ್ದಾರೆ.

ಇವತ್ತು ಬೇಕಾಗಿರುವುದು ಆ ಕನ್ನಡಿ. ಆಳಂದದ ವತ್ಸಲಾಬಾಯಿ ಮೂರನೆಯ ಸಲ ಬರುತ್ತಿದ್ದಾರೆ. ಮಗಳು ಅಮಿತಾಳ ಹೆರಿಗೆಗೆ ಇನ್ನು ಎರಡೇ ತಿಂಗಳು. ಕೂಸಿನ ಕೌದಿಯ ನಡುವೆ ತಮ್ಮ ತೀರಿಹೋದ ಅವ್ವನ ಹಸಿರು ಇಳಕಲ್ ಸೀರೆಯ ಒಂದೇ ಒಂದು ಚಿಕ್ಕಿ ಇರಬೇಕೆಂಬುದು ಅವರ ಆಸೆ. ಆದರೆ ಕತ್ತರಿ ಕಂಡ ಕೂಡಲೇ ಎರಡು ಸಲವೂ ಸೀರೆ ಮಡಚಿಕೊಂಡು ವಾಪಸು ಹೋದರು. ಸೀರೆ ಜಾಲರಿಯಂತಾಗಿದೆ, ಗಟ್ಟಿ ಉಳಿದದ್ದು ಒಂಬತ್ತು ಶಂಕರಪಾಳಿಗಾಗುವಷ್ಟು. ಖಾದರಸಾಬರ ಓಢಣಿಗಳ ನಂತರ, ಮತ್ತೆ ಸಿಗದ ಬಟ್ಟೆಗೆ ಹಜರಾಬಿ ಕತ್ತರಿ ಹಚ್ಚುವುದು ಇದೇ ಮೊದಲು.

ಎಂಟು ಗಂಟೆಗೆ ವತ್ಸಲಾಬಾಯಿ ಬರುತ್ತಾರೆ. ಚಹಾ ಆಗುತ್ತದೆ. ಹಜರಾಬಿ ಸೀರೆ ಹಾಸಿ ಸೋಪಿನ ಚೂರಿನಿಂದ ಒಂಬತ್ತೂ ಗುರುತು ಮಾಡುತ್ತಾರೆ. ಬೇಡವೆಂದರೆ ತೊಳೆದರಾಯಿತು ಎನ್ನುತ್ತಾರೆ. ಆಮೇಲೆ ಒಂದು ಗುರುತಿನ ಚೂಪಿಗೆ ಕನ್ನಡಿ ಜೋಡಿಯನ್ನು ನಿಲ್ಲಿಸಿ, ಎರಡು ಗೆರೆಯ ಗುಂಟ ತೆರೆಯುತ್ತಾರೆ. ಕತ್ತರಿ ಮುಟ್ಟದ ಸೀರೆಯ ಮೇಲೆ ಇಡೀ ಚಿಕ್ಕಿ ಅರಳಿ ಕೂರುತ್ತದೆ, ಎಂಟೂ ಎಸಳು ಹಸಿರು.

ವತ್ಸಲಾಬಾಯಿ ಬಹಳ ಹೊತ್ತು ಬಗ್ಗಿ ನೋಡುತ್ತಾರೆ. "ಅವ್ವ ಉಟ್ಟಾಗ ಇಷ್ಟು ಹಸರ ಕಂಡಿದ್ದಿಲ್ಲ," ಎನ್ನುತ್ತಾರೆ.

ಹಜರಾಬಿ ಕತ್ತರಿಯ ಹಿಡಿಯನ್ನು ಅವರ ಕಡೆಗೆ ತಿರುಗಿಸುತ್ತಾರೆ. "ಮೊದಲನೇದು ನೀವ ಕತ್ತರಸ್ರಿ ಬಾಯಾರ."

"ನನ್ನ ಕೈ ನಡಗ್ತಾವ ಹಜರಾಬಿ."

"ಎಂಟು ಚಿಕ್ಕಿಗ್ರಿ. ಒಂಬತ್ತನೇದು ಕೈ ನಡಗಾಕಂತ ಇಟ್ಟೇನಿ."

ಪೀರಸಾಬರ ಸೂಜಿ ನಿಲ್ಲುತ್ತದೆ. ವತ್ಸಲಾಬಾಯಿ ಕತ್ತರಿಸುತ್ತಾರೆ. ತುಂಡು ಬಿಡಿಸಿಕೊಂಡು ಬರುತ್ತದೆ, ಒಂದು ಮಗ್ಗುಲಿಗೆ ಸೊಟ್ಟಗೆ. ಹಜರಾಬಿ ಅದನ್ನು ಪಕ್ಕೆಲುಬಿನ ಹಾಳೆಗೆ ಹಿಡಿದು ನೋಡಿ, ಅವರ ಅಂಗೈಯಲ್ಲಿಡುತ್ತಾರೆ. ವತ್ಸಲಾಬಾಯಿ ಅದನ್ನು ಮಡಚದೆ ಪರ್ಸಿನೊಳಗಿಟ್ಟುಕೊಳ್ಳುತ್ತಾರೆ. ಸೀರೆಯಲ್ಲೀಗ ಉಳಿದಿರುವುದು ಸರಿಯಾಗಿ ಎಂಟು. ಹಜರಾಬಿ ಕತ್ತರಿ ತೆಗೆದುಕೊಂಡು, ಎರಡನೆಯ ಗುರುತಿಗೆ ಹಚ್ಚುತ್ತಾರೆ.