ಎರಡು ಕ್ಯಾಮ್‌ಶಾಫ್ಟ್, ಒಂದು ದೋಣಿ

ನನಗೆ ಆಗ ಒಂದು ಕಡೆ ಕೂರಲು ಬರುತ್ತಿರಲಿಲ್ಲ. ಈಗಲೂ ಅಷ್ಟೇನೂ ಬರುವುದಿಲ್ಲ, ಮಂಡಿನೋವು ಕೂರಿಸುತ್ತದೆ ಅಷ್ಟೇ. ಎಂಬತ್ತರ ದಶಕ ಆಗತಾನೇ ಶುರುವಾಗಿತ್ತು. ಪೀಣ್ಯದಲ್ಲಿ ತಗಡಿನ ಶೆಡ್ಡೊಂದನ್ನು ಬಾಡಿಗೆಗೆ ಹಿಡಿದು ಇಂಜಿನ್ ರಿಪೇರಿ ಕೆಲಸ ಹಿಡಿದಿದ್ದೆ. ಅಕ್ಕನ ಗಂಡ, ನನ್ನ ಭಾವ, ಸರ್ಕಾರಿ ಕಾರ್ಖಾನೆಯಲ್ಲಿ ಉಕ್ಕನ್ನು ಅಳತೆಗೆ ಉಜ್ಜುವ ಗ್ರೈಂಡಿಂಗ್ ಕೆಲಸದವರು. ಕಾಡಿ ಬೇಡಿ ಅವರಿಂದ ಒಂದು ತಿಂಗಳು ರಜೆ ಹಾಕಿಸಿ ಮಾರತ್ತಹಳ್ಳಿಯಿಂದ ಶೆಡ್ಡಿಗೆ ಬರುವಂತೆ ಮಾಡಿದ್ದೆ. ಎರಡು ಬಸ್ಸು ಬದಲಾಯಿಸಿ ಬಂದು ಗ್ರೈಂಡಿಂಗ್ ಮಷಿನ್ ಮುಂದಿನ ಸ್ಟೂಲಿನ ಮೇಲೆ ಕೂತರೆ ಊಟಕ್ಕೆ ಮಾತ್ರ ಏಳುತ್ತಿದ್ದರು. ರಜೆ ಮುಗಿದ ಸೋಮವಾರ ಒಂದೋ ರಾಜೀನಾಮೆ ಕೊಟ್ಟು ನನ್ನ ಜೊತೆ ಸೇರಬೇಕು, ಇಲ್ಲವೇ ಡ್ಯೂಟಿಗೆ ವಾಪಸು ಹೋಗಬೇಕು. ಅವರಿಲ್ಲದೆ ಶೆಡ್ಡು ನಡೆಸುವ ಧೈರ್ಯ ನನಗಿರಲಿಲ್ಲ. ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯವೂ ಇರಲಿಲ್ಲ.

ಕೊನೆಯ ವಾರ ಬಂದದ್ದು ಒಂದು ದೋಣಿಯ ಇಂಜಿನ್ನು. ಸೈನ್ಯದಿಂದ ನಿವೃತ್ತರಾದ ಒಬ್ಬ ಸಾಹೇಬರು ಹಳೆಯ ವಿದೇಶಿ ಕಾರಿನ ಇಂಜಿನ್ನಿಗೆ ಗಾಳಿ ತುರುಕುವ ಸೂಪರ್‌ಚಾರ್ಜರ್ ಕಟ್ಟಿಸಿ, ದೋಣಿಗೆ ಕೂರಿಸಿ, ಊರಾಚೆಯ ದೊಡ್ಡ ಕೆರೆಯಲ್ಲಿ ಓಡಿಸುತ್ತಿದ್ದರು. ಅದರ ಕ್ಯಾಮ್‌ಶಾಫ್ಟ್ ಸವೆದಿತ್ತು. ವಾಲ್ವುಗಳು ಯಾವಾಗ ತೆರೆಯಬೇಕು, ಎಷ್ಟು ಹೊತ್ತು ತೆರೆದಿರಬೇಕು ಎಂದು ತೀರ್ಮಾನಿಸುವುದು ಆ ಉಬ್ಬುಗಳ ಸರಳೇ. ಸಾಹೇಬರು ಹೊರದೇಶದಿಂದ ಎರಡು ತರಿಸಿದ್ದರು. ಒಂದರ ಉಬ್ಬುಗಳು ದಪ್ಪ, ರೇಸಿಗೆಂದೇ ಮಾಡಿದ್ದು. ಇನ್ನೊಂದು ಸಾಧು. ಯಾವುದು ಸರಿಯೋ ನೀವೇ ನೋಡಿ ಹಾಕಿ, ಭಾನುವಾರ ಕೆರೆಯ ಹತ್ತಿರ ಸಿಗೋಣ ಎಂದು ಎರಡನ್ನೂ ಬಿಟ್ಟುಹೋದರು.

ನಾನು ರೇಸಿನದಕ್ಕೇ ಕೈಹಾಕಿದೆ. ಅದರ ಸದ್ದು ಕೇಳಿದರೆ ಭಾವ ಮರುಮಾತಿಲ್ಲದೆ ರಾಜೀನಾಮೆ ಬರೆಯುತ್ತಾರೆ ಎಂದು ನನ್ನ ಲೆಕ್ಕ.

ಭಾವ ಕನ್ನಡಕ ಮೇಲೇರಿಸಿ ನೋಡಿದರು. "ಇದು ರೋಡಲ್ಲಿ ಓಡೋ ಗಾಡಿ ಅಲ್ಲ ಕಣೋ. ಈ ದಪ್ಪ ಉಬ್ಬಿಗೆ ಗಾಳಿ ವಾಲ್ವು, ಹೊಗೆ ವಾಲ್ವು ಎರಡೂ ಅಷ್ಟೊತ್ತು ಒಟ್ಟಿಗೆ ತೆರ್ಕೊಂಡಿದ್ರೆ, ನಿಧಾನಕ್ಕೆ ಓಡುವಾಗ ಹೊಗೆ ಪೈಪಿನ ನೀರನ್ನ ಒಳಕ್ಕೆ ಎಳ್ಕೊಳತ್ತೆ."

ದೋಣಿಯಲ್ಲಿ ಹೊಗೆಯ ಪೈಪು ಕಾಯದಿರಲೆಂದು ಅದರೊಳಕ್ಕೆ ಕೆರೆಯ ನೀರು ಹಾಯಿಸುತ್ತಾರೆ. ನನಗೆ ಗೊತ್ತಿಲ್ಲದ್ದೇನಲ್ಲ. ಆದರೂ ಕಾರ್ಖಾನೆ ನಿಮ್ಮನ್ನು ಪುಕ್ಕಲು ಮಾಡಿಬಿಟ್ಟಿದೆ ಎಂದು ಅವರನ್ನೇ ರೇಗಿಸಿದೆ. ಅವರು ಕನ್ನಡಕ ಇಳಿಸಿಕೊಂಡು ಮಷಿನ್ ಕಡೆ ತಿರುಗಿದರು.

ಶುಕ್ರವಾರ ಶೆಡ್ಡಿನಲ್ಲೇ ಇಂಜಿನ್ ಚಾಲು ಮಾಡಿದೆವು. ಅಲ್ಲಿ ಹಾಕಿದ್ದು ಒಣ ಪೈಪು, ನೀರಿನ ಮಾತೇ ಇಲ್ಲ. ಇಂಜಿನ್ನು ಗುಡುಗುಡು ಎಂದು ತಗಡನ್ನೆಲ್ಲ ಅದುರಿಸಿತು. ಅಕ್ಕಪಕ್ಕದ ಶೆಡ್ಡಿನವರು ಕೆಲಸ ಬಿಟ್ಟು ಬಂದು ನಿಂತರು. ನಾನು ಭಾವನ ಮುಖವನ್ನೇ ನೋಡುತ್ತಿದ್ದೆ. ಸದ್ದು ಚೆನ್ನಾಗಿದೆ ಎಂದಷ್ಟೇ ಹೇಳಿ ಅವರು ಕೈ ಒರೆಸಿಕೊಂಡರು.

ಭಾನುವಾರ ಕೆರೆಯ ದಡದಲ್ಲಿ ಇಂಜಿನ್ನನ್ನು ದೋಣಿಗೆ ಕೂರಿಸಿ ನಿಧಾನಕ್ಕೆ ಓಡಿಸಿ ಹತ್ತು ನಿಮಿಷವೂ ಆಗಿರಲಿಲ್ಲ, ಅದು ಕೆಮ್ಮಿ ನಿಂತಿತು. ಮತ್ತೆ ಸ್ಟಾರ್ಟ್ ಒತ್ತಿದರೆ ಟಕ್ ಎಂದು ಕಚ್ಚಿಕೊಂಡಿತು. ಪ್ಲಗ್ ಬಿಚ್ಚಿದರೆ ಒಳಗೆ ಕೆರೆಯ ನೀರು. ಸಾಹೇಬರು ನೀರನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ಕಾಲು ಸುಟ್ಟ ಬೆಕ್ಕಿನಂತೆ ದಡದ ಮೇಲೆ ಓಡಾಡಿದೆ, ಸಿಕ್ಕ ಕಲ್ಲಿಗೆಲ್ಲ ಒದ್ದೆ.

ದೋಣಿಯ ಹತ್ತಿರ ವಾಪಸು ಬರುವಷ್ಟರಲ್ಲಿ ಭಾವ ತಮ್ಮ ಚೀಲ ಬಿಚ್ಚಿದ್ದರು. ಊಟದ ಡಬ್ಬಿಯ ಕೆಳಗೆ, ಟವೆಲಿನಲ್ಲಿ ಸುತ್ತಿದ ಇನ್ನೊಂದು ಕ್ಯಾಮ್‌ಶಾಫ್ಟ್. ಪಕ್ಕದಲ್ಲಿ ಎಂಟು ಕಾಗದದ ಪೊಟ್ಟಣ, ಒಂದೊಂದರ ಮೇಲೂ ನೀಲಿ ಪೆನ್ಸಿಲಿನಲ್ಲಿ ನಂಬರು. ಕ್ಯಾಮ್ ಬದಲಾದರೆ ಒಂದೊಂದು ವಾಲ್ವಿನ ಮೇಲೂ ಕೂರಿಸುವ ಉಕ್ಕಿನ ಬಿಲ್ಲೆಯ ದಪ್ಪವೂ ಬದಲಾಗಬೇಕು. ನಾನು ಸೂಪರ್‌ಚಾರ್ಜರಿನ ಬೆಲ್ಟು ಹುಡುಕಿಕೊಂಡು ಸಿಟಿ ಮಾರ್ಕೆಟ್ಟಿಗೆ ಹೋಗಿದ್ದ ದಿನ ಅವರು ಸಾಧು ಕ್ಯಾಮನ್ನು ಕೂರಿಸಿ, ಅಳೆದು, ಎಂಟೂ ಬಿಲ್ಲೆಗಳನ್ನು ಉಜ್ಜಿಟ್ಟುಕೊಂಡಿದ್ದರು.

ಮೊದಲು ಬಂದದ್ದು ಕೋಪವೇ. ನಾನು ಸೋಲುತ್ತೇನೆಂದು ಗೊತ್ತಿದ್ದೂ ಸುಮ್ಮನಿದ್ದರಲ್ಲ ಎಂದು ಮೈ ಉರಿಯಿತು. ಆದರೂ ಅವರು ಕೇಳಿದ ಸ್ಪ್ಯಾನರನ್ನು ಬಾಯಿಮುಚ್ಚಿಕೊಂಡು ಕೊಡುತ್ತಾ ಹೋದೆ. ನೀರು ತೆಗೆದು, ಆಯಿಲ್ ಬದಲಿಸಿ, ಕ್ಯಾಮ್ ಕೂರಿಸುವಷ್ಟರಲ್ಲಿ ಮಧ್ಯಾಹ್ನ ಮೂರು ಗಂಟೆ. ದೋಣಿ ಹೆಚ್ಚು ಸದ್ದು ಮಾಡದೆ ಹೊರಟು, ನಡುನೀರಿಗೆ ಹೋದ ಮೇಲೆ ಮೂತಿ ಎತ್ತಿಕೊಂಡು ಓಡಿತು. ಸಾಹೇಬರು ದೂರದಿಂದಲೇ ಕೈ ಬೀಸಿದರು.

ವಾಪಸಾಗುವಾಗ ಬಸ್ಸಿನಲ್ಲಿ ತಡೆಯಲಾರದೆ ಕೇಳಿದೆ. "ಭಾವ, ನಾಳೆ ರಾಜೀನಾಮೆ ಕೊಡ್ತೀರಾ?"

ಅವರು ಕಿಟಕಿಯಾಚೆ ನೋಡುತ್ತಿದ್ದರು. "ಇಲ್ಲಪ್ಪ. ದಿನಾ ಇನ್ನೊಂದು ಕ್ಯಾಮ್ ಚೀಲದಲ್ಲಿ ಇಟ್ಕೊಂಡು ನಿನ್ನ ಹಿಂದೆ ಬರೋಕಾಗಲ್ಲ."

ಸೋಮವಾರ ಬೆಳಿಗ್ಗೆ ಏಳಕ್ಕೆ ಶೆಡ್ಡು ತೆರೆದೆ. ಆ ಹೊತ್ತಿಗೆ ಅವರು ಕಾರ್ಖಾನೆಯ ಗೇಟು ದಾಟಿರುತ್ತಾರೆ. ಮಷಿನ್ ಮುಂದೆ ಅವರ ಸ್ಟೂಲು ಹಾಗೇ ಇತ್ತು. ಅದರ ಮೇಲೆ ಕೂತವನು ಮಧ್ಯಾಹ್ನದವರೆಗೂ ಏಳಲಿಲ್ಲ.