ಒಲೆಯ ಮೇಲಿನ ಅಟ್ಟದಲ್ಲಿ ಒಂದು ಬಾಟಲಿ

ನಮ್ಮ ಕಡೆ ಮಳೆಗಾಲದಲ್ಲಿ ಹಾಳಾಗಬಾರದೆನ್ನುವ ವಸ್ತುವಿಗೆಲ್ಲ ಒಂದೇ ಜಾಗ, ಅಡುಗೆ ಒಲೆಯ ಮೇಲಿನ ಅಟ್ಟ. ಹುಣಸೆಹಣ್ಣು, ಮುರುಗಲ ಸಿಪ್ಪೆ, ಹಪ್ಪಳ, ಒಣಮೀನು ಎಲ್ಲ ಅಲ್ಲೇ. ಮಕ್ಕಳ ಮಾರ್ಕ್ಸ್ ಕಾರ್ಡನ್ನೂ ಅಲ್ಲೇ ಇಟ್ಟವಳು ನಾನು. ಹೊಗೆ ತಾಗಿ ಕಪ್ಪಾದರೂ ಬೂಸಲು ಬರುವುದಿಲ್ಲ. ಈ ಜಾಣತನದ ಬಗ್ಗೆ ನನಗೆ ಬಹಳ ಜಂಬವಿತ್ತು. ಆ ಜಂಬ ನನ್ನಿಂದ ಮಾಡಿಸಿದ ಒಂದು ಕೆಲಸವನ್ನು ನೆನೆದರೆ ಈಗಲೂ ಆ ಅಟ್ಟದ ಕಡೆ ತಲೆ ಎತ್ತಲಾಗುವುದಿಲ್ಲ.

ತೊಂಬತ್ತರ ದಶಕದ ಕೊನೆಯಲ್ಲಿ ನಾವು ಹೊನ್ನಾವರದಲ್ಲಿ, ಹೊಳೆಗೆ ಹತ್ತಿರದ ಕೇರಿಯಲ್ಲಿದ್ದೆವು. ಪಕ್ಕದ ಮನೆ ಅಕ್ಕೋರದ್ದು. ಶಾಲೆ ಕಲಿಸುವ ಹೆಂಗಸರನ್ನು ನಮ್ಮಲ್ಲಿ ಕರೆಯುವುದೇ ಹಾಗೆ. ನಿವೃತ್ತರಾದ ಮೇಲೂ ಆ ಹೆಸರು ಹೋಗುವುದಿಲ್ಲ. ಅವರು ಕ್ರಿಶ್ಚಿಯನ್ನರು. ಮನೆಯೊಳಗೆ ಕೊಂಕಣಿ, ನನ್ನೊಡನೆ ಕನ್ನಡ. ಅವರ ಗಂಡ ಹಡಗಿನಲ್ಲಿ ಅಡುಗೆಯವರಾಗಿದ್ದು ಊರಿಗೆ ಮರಳಿದವರು. ಪ್ರತಿ ಬೇಸಿಗೆಯಲ್ಲೂ ಕಪ್ಪು ದ್ರಾಕ್ಷಿ ತಂದು, ಭರಣಿಯಲ್ಲಿ ಹುಳಿ ಬರಿಸಿ, ಸೋಸಿ, ಕ್ರಿಸ್‌ಮಸ್ಸಿಗೆಂದು ವೈನ್ ಮಾಡುತ್ತಿದ್ದರು. ಅದನ್ನು ಇಡುವುದಕ್ಕೆ ಮರದ ಮೆಟ್ಟಿಲ ಕೆಳಗೆ ಮೊಣಕಾಲಾಳದ ಗುಂಡಿ ತೋಡಿ, ಸುತ್ತ ಚಿರೇಕಲ್ಲು ಕಟ್ಟಿ, ಹೊಳೆಯ ಮರಳು ತುಂಬಿಸಿದ್ದರು. ಅದಕ್ಕೆ ನೆಲಮಾಳಿಗೆ ಎಂದು ಹೆಸರಿಟ್ಟು ತಾವೇ ನಗುತ್ತಿದ್ದರು. ಬಾಟಲಿಗಳೆಲ್ಲ ಆ ಮರಳಿನಲ್ಲಿ ಅಡ್ಡಡ್ಡ ಮಲಗಿರುತ್ತಿದ್ದವು. ನಾನು ತಮಾಷೆ ಮಾಡಿದರೆ, "ಮಲಗಿದ್ರೆ ಬೂಚು ಒದ್ದೆ ಇರ್ತದೆ ತಂಗಿ. ಬೂಚು ಒಣಗ್ತು ಅಂದ್ರೆ ಗಾಳಿ ಒಳಗೆ ಹೋತು. ಇದಕ್ಕೆ ಬಿಸಿ ಆಗೂದಿಲ್ಲ, ಬೆಳಕು ಆಗೂದಿಲ್ಲ, ಅಲುಗಾಡ್ಸೂದೂ ಆಗೂದಿಲ್ಲ" ಎನ್ನುತ್ತಿದ್ದರು. ಹಸುಗೂಸಿನ ಬಾಣಂತನ ಮಾಡಿದ ಹಾಗೆ ಮಾಡುತ್ತಾರಲ್ಲ ಎಂದು ನಾನು ನಕ್ಕು, ಮರೆತುಬಿಟ್ಟೆ.

ಒಂದು ದಿನ ಅವರು ಎದೆನೋವೆಂದು ಕೂತವರು ಏಳಲೇ ಇಲ್ಲ. ಕೊನೆಯ ಬೇಸಿಗೆಯಲ್ಲಿ ಅವರು ಮಾಡಿಟ್ಟಿದ್ದ ವೈನ್ ಹಬ್ಬಹರಿದಿನಗಳಲ್ಲಿ ಖರ್ಚಾಗಿ ಒಂದೇ ಬಾಟಲಿ ಉಳಿಯಿತು. ಅಕ್ಕೋರು ಅದಕ್ಕೆ 'ಅವರದು' ಎಂದು ಬರೆದ ಚೀಟಿ ಅಂಟಿಸಿದರು. ಒಬ್ಬಳೇ ಮಗಳ ಮದುವೆಯಲ್ಲಿ ಹರಸಿ ಗ್ಲಾಸು ಎತ್ತುವ ಹೊತ್ತಿಗೆ ಅದನ್ನು ತೆರೆಯಬೇಕೆಂಬುದು ಅವರ ಆಸೆ.

"ಅಪ್ಪ ಇಲ್ದೇ ಮದುವೆ ಆತು ಅಂತ ಹುಡ್ಗಿಗೆ ಅನ್ನಿಸ್ಬಾರ್ದು, ಅಷ್ಟೇ" ಎಂದರು.

ಮಗಳಿಗೆ ಭಟ್ಕಳದ ಹುಡುಗನೊಡನೆ ನಿಶ್ಚಯವಾದ ವರ್ಷವೇ ಅಕ್ಕೋರಿಗೆ ಹೃದಯದ ಆಪರೇಷನ್ ಆಗಬೇಕಾಯಿತು. ಮಳೆ ಶುರುವಾಗುವ ಮೊದಲೇ ತಾಯಿ ಮಗಳಿಬ್ಬರೂ ಮಂಗಳೂರಿನ ಸಂಬಂಧಿಕರ ಮನೆಗೆ ಹೋದರು. ಕೀಲಿಕೈ ನನ್ನ ಕೈಗೆ ಬಂತು. ವಾರಕ್ಕೊಮ್ಮೆ ಬಾಗಿಲು ತೆಗೆದು ಗುಡಿಸಿ ಬರುತ್ತಿದ್ದೆ.

ಜುಲೈ ಹೊತ್ತಿಗೆ ನೆಲದಲ್ಲಿ ಜಲ ಎದ್ದಿತು. ಮೆಟ್ಟಿಲ ಕೆಳಗೆ ಬಗ್ಗಿ ನೋಡಿದರೆ ಮರಳೆಲ್ಲ ಒದ್ದೆ. ಚೀಟಿಯ ಅಂಚು ಎದ್ದಿದೆ, ಬೂಚಿನ ಮೇಲೆ ಬಿಳೀ ಬೂಸಲು ಕೂತಿದೆ. ನನ್ನ ಜೀವ ಹಾರಿಹೋಯಿತು. ಆ ಬೂಸಲಿನಿಂದ ಒಳಗಿದ್ದದ್ದಕ್ಕೆ ಏನೂ ಆಗುತ್ತಿರಲಿಲ್ಲ ಎಂಬುದು ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ. ಬಾಟಲಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಮನೆಗೆ ಓಡಿದೆ. ಒರೆಸಿ, ಹುಣಸೆಹಣ್ಣಿನ ಡಬ್ಬಿಯ ಪಕ್ಕದಲ್ಲಿ, ಅಟ್ಟದ ಮೇಲೆ ನೆಟ್ಟಗೆ ನಿಲ್ಲಿಸಿದೆ. ಕೆಳಗೆ ಮೂರು ಹೊತ್ತೂ ಒಲೆ ಉರಿಯುತ್ತಿತ್ತು. ಅಕ್ಕೋರ ಗಂಡ ಹೇಳಿದ ಒಂದು ಮಾತಾದರೂ ನೆನಪಾಗಬೇಕಲ್ಲ? ಆಗಲಿಲ್ಲ.

ಚೌತಿ ಮುಗಿದ ಮೇಲೆ ಅಕ್ಕೋರು ಬಂದರು, ಅರ್ಧ ಇಳಿದುಹೋಗಿದ್ದರು. ನಾನು ಕಾಫಿಗೂ ಮೊದಲು ಬಾಟಲಿ ತಂದು ಅವರ ಕೈಗಿಟ್ಟೆ.

"ನಿಮ್ಮ ಗುಂಡೀಲಿ ನೀರು ಬಂದಿತ್ತು ಅಕ್ಕೋರೆ. ಒಲೆ ಮೇಲಿನ ಅಟ್ಟದಲ್ಲಿ ಇಟ್ಟಿದ್ದೆ. ಒಂದು ಚುಕ್ಕಿ ಬೂಸ್ಲು ಇಲ್ಲ ನೋಡಿ!"

ಅವರು ಬಾಟಲಿಯನ್ನು ಬೆಳಕಿಗೆ ಹಿಡಿದರು. ಹೆಬ್ಬೆರಳಿನಿಂದ ಬೂಚನ್ನು ಮೆಲ್ಲಗೆ ಒತ್ತಿದರು. ಗೋಡೆಗೆ ಒರಗಿ ಕೂತರು. ಸುಸ್ತು ಎಂದುಕೊಂಡೆ.

"ಆತು ತಂಗಿ. ನೀ ಇದ್ದಿದ್ದಕ್ಕೆ ಉಳೀತು" ಎಂದರು.

ಮದುವೆ ಜನವರಿಯಲ್ಲಿ. ಅದಕ್ಕೆ ಎರಡು ವಾರ ಮೊದಲು ಅಕ್ಕೋರು ಒಬ್ಬರೇ ಬಸ್ಸು ಹತ್ತಿ ಕುಮಟೆಗೆ ಹೋದರು. ಆಪರೇಷನ್ ಆದ ಜೀವ, ಎಂತ ತುರ್ತು ಎಂದು ಬೈದೆ. ರವಿಕೆ ಬಟ್ಟೆಗೆ ಎಂದರು. ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಾಗ ಚೀಲ ಹಿಡಿಯಲು ಕೈ ಚಾಚಿದರೆ ಕೊಡಲಿಲ್ಲ. ಎದೆಗೆ ಅವಚಿಕೊಂಡು ಮನೆಯವರೆಗೂ ನಡೆದರು.

ಮದುವೆಯ ದಿನ ಚಪ್ಪರದಲ್ಲಿ 'ಅವರದು' ಎಂಬ ಚೀಟಿಯ ಬಾಟಲಿ ತೆರೆದರು. ಮಗಳು ಒಂದು ಗುಟುಕು ಕುಡಿದು ಕಣ್ಣು ಮುಚ್ಚಿ, "ಪಪ್ಪ" ಎಂದಳು. ಸುತ್ತಲಿದ್ದವರೆಲ್ಲ ಕಣ್ಣೊರೆಸಿಕೊಂಡರು. ನಾನು ಶರಬತ್ತಿನ ಗ್ಲಾಸು ಹಿಡಿದುಕೊಂಡು, ಅದನ್ನು ಉಳಿಸಿದ್ದು ನಾನೇ ಎಂದು ಚಪ್ಪರದ ತುಂಬ ಹೇಳಿಕೊಂಡು ತಿರುಗಿದೆ. ಅಕ್ಕೋರು ನನ್ನನ್ನು ನೋಡಿ ನಕ್ಕರು. ಖಾಲಿ ಬಾಟಲಿಯನ್ನು ಮಗಳು ಭಟ್ಕಳಕ್ಕೆ ಒಯ್ದಳು.

ಆಮೇಲಿನ ವರ್ಷಗಳಲ್ಲಿ ಅಕ್ಕೋರು ಬೇಸಿಗೆಗೊಮ್ಮೆ ನನಗೊಂದು ಸಣ್ಣ ಬಾಟಲಿ ಶೆಟ್ಲಿ ಉಪ್ಪಿನಕಾಯಿ ಕೊಡುತ್ತಿದ್ದರು. ಸೀಗಡಿಯನ್ನು ಹುರಿದು, ಮಸಾಲೆ ಹಾಕಿ ಮಾಡುವುದು. ಅಂಥ ಹುಳಿ ನಾನು ಬೇರೆಲ್ಲೂ ತಿಂದವಳಲ್ಲ. "ಎಂತ ಹಾಕ್ತೀರಿ ಅಕ್ಕೋರೆ?" ಎಂದು ಕೇಳಿದರೆ, "ಮನೇದೇ ವಿನೆಗರ್" ಎನ್ನುತ್ತಿದ್ದರು. ನಾನು ಬೆರಳು ನೆಕ್ಕಿ ಹೊಗಳುತ್ತಿದ್ದೆ.

ಮಗಳ ಮದುವೆಯಾಗಿ ಆರು ವರ್ಷಕ್ಕೆ ಅಕ್ಕೋರೂ ಹೋದರು. ಚರ್ಚಿನಲ್ಲಿ ತಿಂಗಳ ಪೂಜೆ ಮುಗಿದ ಮೇಲೆ ಮಗಳೂ ನಾನೂ ಕೂಡಿ ಮನೆ ತೆರವು ಮಾಡುತ್ತಿದ್ದೆವು. ಮೆಟ್ಟಿಲ ಕೆಳಗಿನ ಮರಳಿನಲ್ಲಿ ಅವಳ ಕೈಗೊಂದು ಬಾಟಲಿ ತಾಗಿತು. ಮೇಲೆ ಅಂಗಡಿ ವೈನಿನ ಲೇಬಲ್ಲು, ಕುಮಟೆಯ ಅಂಗಡಿಯ ಮುದ್ರೆ. ತಳದಲ್ಲಿ ನಾಲ್ಕು ಬೆರಳಿನಷ್ಟು ಕಂದು ನೀರು. ಕುತ್ತಿಗೆಗೆ ದಾರದಲ್ಲಿ ಕಟ್ಟಿದ ಚೀಟಿಯ ಮೇಲೆ ಅಕ್ಕೋರ ದುಂಡಗಿನ ಅಕ್ಷರ: 'ಅವರದು. ಉಪ್ಪಿನಕಾಯಿಗೆ ಮಾತ್ರ.'

"ಇದೆಂತ ಅಕ್ಕಾ? ಪಪ್ಪಂದು ಮದುವೇಲಿ ಮುಗಿದಿತ್ತಲ್ಲ?" ಎಂದಳು.

ನನಗೆ ಕುಮಟೆಯ ಬಸ್ಸು, ಎದೆಗೆ ಅವಚಿದ ಚೀಲ ಎಲ್ಲ ಒಟ್ಟಿಗೇ ಕಣ್ಣ ಮುಂದೆ ಬಂದವು. ಹೊನ್ನಾವರದಲ್ಲಿ ಕೊಂಡರೆ ನನ್ನ ಕಿವಿಗೆ ಬೀಳುತ್ತದೆಂದು ಅಷ್ಟು ದೂರ ಹೋಗಿದ್ದರು. ನನ್ನ ಅಟ್ಟದ ಬಿಸಿಗೆ ಹುಳಿತುಹೋದದ್ದನ್ನು ಅಂಗಡಿ ಬಾಟಲಿಗೆ ಸುರಿದು, ಅಂಗಡಿಯದನ್ನು ಗಂಡನ ಬಾಟಲಿಗೆ ತುಂಬಿದ್ದರು. ಸುಳ್ಳು ಹೇಳಬಹುದಿತ್ತು. ಆಗಲಿಲ್ಲ. ಮೆಟ್ಟಿಲ ಮೇಲೆ ಕೂತು ಅವಳಿಗೆ ಎಲ್ಲವನ್ನೂ ಹೇಳಿದೆ.

ಅವಳು ಅಂಗೈಗೆ ಒಂದು ಹನಿ ಬಗ್ಗಿಸಿ ನಾಲಿಗೆಗೆ ತಾಗಿಸಿದಳು. ಹುಳಿಗೆ ಮುಖ ಕಿವುಚಿದಳು.

"ಹಂಗಾದ್ರೆ ನಾ ಕುಡ್ದದ್ದು ಪಪ್ಪಂದಲ್ಲ."

"ಅಲ್ಲ."

"ಆ ಉಪ್ಪಿನಕಾಯಿ ನಂಗೆ ಒಂದು ಸಲಾನೂ ಕೊಡ್ಲಿಲ್ಲ ಮಮ್ಮಿ. ಕೇಳಿದ್ರೆ, ಅದು ಪಕ್ಕದ ಮನೆ ತಂಗಿಗೆ ಅಂತಿದ್ರು."

ಅವಳು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ನಾನು ಜೋರಾಗಿ ಅತ್ತುಬಿಟ್ಟೆ. ಆಮೇಲೆ ಮನೆಗೆ ಹೋಗಿ, ಆ ವರ್ಷದ ಉಪ್ಪಿನಕಾಯಿಯಲ್ಲಿ ಉಳಿದಿದ್ದ ಅರ್ಧ ಬಾಟಲಿಯನ್ನು ತಂದು ಅವಳ ಮುಂದಿಟ್ಟೆ. ಅವಳು ಅಲ್ಲೇ ನಿಂತು ಬೆರಳಲ್ಲಿ ಒಂದಿಷ್ಟು ತಿಂದಳು, ಇನ್ನೊಂದಿಷ್ಟು ತಿಂದಳು, ಮುಚ್ಚಳ ಹಾಕಿದಳು. ಸಂಜೆ ಅವಳನ್ನು ಭಟ್ಕಳದ ಬಸ್ಸಿಗೆ ಹತ್ತಿಸಿದೆ. ಎರಡೂ ಬಾಟಲಿಗಳನ್ನು ಅಲುಗಾಡದಂತೆ ತೊಡೆಯ ಮೇಲೆ ಹಿಡಿದುಕೊಂಡು ಕಿಟಕಿಯ ಪಕ್ಕ ಕೂತಳು.