ತಟ್ಟೆ ಕಾಣದ ನೀರು

ಕಳೆದ ವರ್ಷ, ಮಳೆಗಾಲ ಇನ್ನೂ ಪೂರ್ತಿ ಸರಿಯದ ದಿನಗಳು. ಕುಮಟಾದಲ್ಲಿ ರಸಾಯನಶಾಸ್ತ್ರ ಕಲಿಸುವ ನಾನು ಪ್ರತಿ ಭಾನುವಾರ ಅಘನಾಶಿನಿ ಹೊಳೆಯಲ್ಲಿ ದೋಣಿ ನಿಲ್ಲುವ ದಕ್ಕೆಗೆ ಹೋಗಿ ನೀರು ಎಷ್ಟು ತಿಳಿಯಾಗಿದೆಯೆಂದು ಅಳೆಯುತ್ತಿದ್ದೆ. ಉಪಕರಣ ಬಹಳ ಘನವಾದದ್ದು: ಮನೆಯ ಹಳೆಯ ಸ್ಟೀಲ್ ತಟ್ಟೆಗೆ ಕಪ್ಪು-ಬಿಳಿ ಬಣ್ಣ ಬಳಿದು, ಗಂಟು ಹಾಕಿದ ಹಗ್ಗ ಕಟ್ಟಿದ್ದು. ಇಳಿಬಿಟ್ಟ ತಟ್ಟೆ ಎಷ್ಟು ಆಳದಲ್ಲಿ ಮರೆಯಾಯಿತೋ ಅದನ್ನು ಪುಸ್ತಕದಲ್ಲಿ ಬರೆಯುವುದು. ದಕ್ಕೆಯವರು ನನ್ನನ್ನು ‘ತಟ್ಟೆ ಮಾಸ್ತರು’ ಎನ್ನುತ್ತಿದ್ದರು. ನಾನೂ ಅದನ್ನು ಬಿರುದೆಂದೇ ಸ್ವೀಕರಿಸಿದ್ದೆ.

ಆ ಭಾನುವಾರ ದಕ್ಕೆಯಲ್ಲಿ ಜನ ಸೇರಿದ್ದರು. ಹಿಂದಿನ ಸಂಜೆ ದೋಣಿ ಮಗುಚಿ ನಾಗೇಶ ಎಂಬ ಮೀನುಗಾರ ಕಾಣೆಯಾಗಿದ್ದ. ಅವನ ಹೆಂಡತಿ ಸುಬ್ಬಿ ಅಳದೆ ನಿಂತಿದ್ದಳು. ಹುಡುಕಲು ಬಂದಿದ್ದ ಇಬ್ಬರು ಮುಳುಗುಗಾರರು ನನ್ನ ತಟ್ಟೆ ನೋಡಿ, “ಕೆಳಗೆ ಎಷ್ಟು ಕಾಣ್ತದೆ ಸರ್?” ಎಂದರು. ನನ್ನ ಅಳತೆ ಯಾರಿಗಾದರೂ ಬೇಕಾದದ್ದು ಅದೇ ಮೊದಲು. ಕನ್ನಡಕ ಸರಿಪಡಿಸಿಕೊಂಡು, ಬಗ್ಗಿ, ತಟ್ಟೆ ಇಳಿಬಿಟ್ಟೆ.

“ಅರ್ಧ ಮೀಟರ್. ಈಗ ಇಳಿತ, ಹೊಳೆಯ ರಾಡಿಯೆಲ್ಲ ಸಮುದ್ರದತ್ತ ಹೊರಟಿದೆ. ಭರತ ಬರಲಿ, ಸಮುದ್ರದ ನೀರು ಒಳಗೆ ನುಗ್ಗಿದರೆ ತಿಳಿಯಾಗುತ್ತದೆ,” ಎಂದು ತೀರ್ಪು ಕೊಟ್ಟೆ. ಇಬ್ಬರೂ ಕಟ್ಟೆಯ ಮೇಲೆ ಕುಳಿತರು.

ಸುಬ್ಬಿ ಹತ್ತಿರ ಬಂದಳು. “ಭರ್ತಿ ಬಂದ್ರೆ ಎರಡಾಳು ನೀರು. ನಮ್ಗೆ ಕಾಲೂ ಎಟಕೂದಿಲ್ಲ. ಎಂತ ಕಾಯೂದು ಮಾಸ್ತರೇ?”

“ಏನೂ ಕಾಣುವುದಿಲ್ಲವಲ್ಲ, ತಂಗಿ.”

“ಬಳಚು ಹೆಕ್ಕುಕೆ ನಾವು ಕಣ್ಣು ಹಾಕ್ತೇವಾ?”

ಹೊಳೆಯ ಕೆಸರಿನಲ್ಲಿ ಬಳಚು ಎಂಬ ಚಿಪ್ಪುಮೀನು ಹೆಕ್ಕುವ ಹತ್ತು ಹನ್ನೆರಡು ಹೆಂಗಸರು ಸುಬ್ಬಿಯ ಜೊತೆ ಸೀರೆ ಎತ್ತಿ ಕಟ್ಟಿ, ಕೈಕೈ ಹಿಡಿದು, ಎದೆಮಟ್ಟದ ರಾಡಿಗೆ ಇಳಿದರು. ಬಳಚು ಹುಡುಕುವಂತೆಯೇ ಪಾದದಿಂದ ಕೆಸರು ತಡವುತ್ತ ಸಾಲಾಗಿ ಸರಿದರು. “ನಿಧಾನ ಹೆಣ್ಣೇ, ಕಲ್ಲು ಅದೆ,” ಎಂದಳೊಬ್ಬಳು. “ನಿನ್ ಗಂಡ್ನ ತಲೆಗಿಂತ ಮೆತ್ತಗದೆ, ನಡಿ,” ಎಂದಳು ಇನ್ನೊಬ್ಬಳು. ಯಾರೂ ನಗಲಿಲ್ಲ.

ಅಷ್ಟರಲ್ಲಿ ಸುಬ್ಬಿ ನಿಂತಳು. ಕೈ ಬಿಡಿಸಿಕೊಂಡು ಮುಳುಗಿದಳು. ಎದ್ದವಳು, “ಎಡಗಾಲಿಗೆ ಹೆಬ್ಬೆಟ್ಟಿಲ್ಲ. ಅವ್ರೇ,” ಎಂದಳು. ನಾಗೇಶ ಹಿಂದೆಂದೋ ಹಗ್ಗಕ್ಕೆ ಸಿಕ್ಕಿ ಆ ಬೆರಳು ಕಳೆದುಕೊಂಡಿದ್ದನಂತೆ.

ಮುಳುಗುಗಾರರು ಆಮೇಲೆ ಇಳಿದರು, ಎತ್ತಿ ತರುವುದಕ್ಕೆ. ಭರತ ಬಂದಾಗ ನೀರು ನಿಜಕ್ಕೂ ತಿಳಿಯಾಯಿತು. ನನ್ನ ಶಾಸ್ತ್ರ ಎಳ್ಳಷ್ಟೂ ತಪ್ಪಿರಲಿಲ್ಲ. ಅವಳು ಅದನ್ನು ಕೇಳಿ ಕುಳಿತಿದ್ದರೆ, ನೀರು ತಿಳಿಯಾಗುವ ಮೊದಲೇ ಭರತದ ಸೆಳೆತ ಅವನನ್ನು ಆ ಜಾಗದಿಂದ ಎಬ್ಬಿಸಿರುತ್ತಿತ್ತು, ಮುಂದಿನ ಇಳಿತ ಸಮುದ್ರಕ್ಕೆ ಒಯ್ಯುತ್ತಿತ್ತು.

ಈಗಲೂ ಭಾನುವಾರ ಹೋಗುತ್ತೇನೆ. ಸುಬ್ಬಿ ಬುಟ್ಟಿ ಹಿಡಿದು ಎದುರಾದರೆ, “ಇವತ್ತೆಷ್ಟು ಮಾಸ್ತರೇ?” ಎನ್ನುತ್ತಾಳೆ. ಹೇಳುತ್ತೇನೆ. “ಆತು,” ಎಂದು ಅದೇ ಕೆಸರಿಗೆ ಇಳಿಯುತ್ತಾಳೆ. ಅವಳ ಪಾದ ನೀರಿನಲ್ಲಿ ಮರೆಯಾಗುವುದನ್ನು ನೋಡಲಾರದೆ ನಾನು ತಟ್ಟೆ ನೋಡುತ್ತೇನೆ.